ಕಾಗದ ಇರುವುದು ಜೈಲರ ಕೈಯಲ್ಲಿ, ಶಿಕ್ಷೆ ಮಾತ್ರ ಕೈದಿಗೆ

ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಕೈದಿಗಳು ಹಾಕುವ ಎಷ್ಟೋ ದಾವೆಗಳು ವಿಚಾರಣೆಯ ತನಕ ಹೋಗುವುದೇ ಇಲ್ಲ. ವಾರ್ಡರ್ ಹೊಡೆದದ್ದು ನಿಜವೋ ಸುಳ್ಳೋ, ಔಷಧಿ ಕೊಡದೆ ಸತಾಯಿಸಿದರೋ ಇಲ್ಲವೋ ಅಂತ ಯಾರೂ ನೋಡಿರುವುದಿಲ್ಲ. ಶುಲ್ಕ ವಿನಾಯಿತಿ ಅರ್ಜಿಯ ಜತೆ ಇರಬೇಕಾದ ಒಂದು ಕಾಗದ ಬಂದಿಲ್ಲ ಎಂದು ದಾವೆ ವಜಾ ಆಗಿರುತ್ತದೆ.

ಯಾವುದು ಆ ಕಾಗದ? ಅಲ್ಲಿ ಸಿವಿಲ್ ದಾವೆ ಹೂಡಲು 350 ಡಾಲರ್ ಶುಲ್ಕ, ಮೇಲೆ 55 ಡಾಲರ್ ಆಡಳಿತ ವೆಚ್ಚ. ಕೈಯಲ್ಲಿ ಕಾಸಿಲ್ಲದವರು ವಿನಾಯಿತಿ ಕೇಳಬಹುದು. ಆದರೆ 1996ರ ಕಾಯ್ದೆಯ ಪ್ರಕಾರ ಕೈದಿಯ ಅಫಿಡವಿಟ್ ಒಂದೇ ಸಾಲದು. ಜೈಲಿನಲ್ಲಿರುವ ತನ್ನ ಖಾತೆಯ ಹಿಂದಿನ 6 ತಿಂಗಳ ಲೆಕ್ಕವನ್ನು ಜೈಲು ಅಧಿಕಾರಿಯಿಂದಲೇ ದೃಢೀಕರಿಸಿ ಕೊಡಬೇಕು. ಇಷ್ಟಾದರೂ ಪೂರ್ತಿ ಮಾಫಿ ಸಿಗುವುದಿಲ್ಲ. 350 ಡಾಲರನ್ನು ಖಾತೆಯಿಂದ ಕಂತು ಕಂತಾಗಿ ಮುರಿದುಕೊಳ್ಳುತ್ತಾರೆ.

ಈ ಕಾಯ್ದೆಗೆ ಕಾರಣ ಇರಲಿಲ್ಲವೆಂದಲ್ಲ. ಕೈದಿಗಳ ದಾವೆಗಳು ರಾಶಿ ಬೀಳುತ್ತಿದ್ದವು, ಹುರುಳಿಲ್ಲದವೂ ಇದ್ದವು. ಆದರೆ ಹಣವಿಲ್ಲವೆಂಬ ಕಾರಣಕ್ಕೆ ಕೈದಿಯ ದಾವೆಯನ್ನು ತಡೆಯಬಾರದು ಎಂದೂ ಅದೇ ಕಾನೂನು ಹೇಳುತ್ತದೆ. ಹಣವಿಲ್ಲದವನನ್ನು ತಡೆಯಬಾರದಾದರೆ, ಹಣವಿಲ್ಲ ಎಂಬುದಕ್ಕೆ ಚೀಟಿ ಇಲ್ಲದವನನ್ನು ತಡೆಯುವುದು ಯಾವ ನ್ಯಾಯ? ಆ ಚೀಟಿ ಬರೆಯಬೇಕಾದವರಾದರೂ ಯಾರು? ಬಹಳ ಸಲ, ಯಾರ ಮೇಲೆ ದೂರು ಇದೆಯೋ ಅವರದೇ ಕಚೇರಿ!

ಕೋರ್ಟು ಸಾಮಾನ್ಯವಾಗಿ ಕೆಲವು ವಾರಗಳ ಗಡುವು ಕೊಡುತ್ತದೆ, ವಜಾ ಆದ ಮೇಲೂ ಹೆಚ್ಚಾಗಿ ಹೊಸದಾಗಿ ದಾವೆ ಹಾಕಬಹುದು. ಹೇಳುವುದಕ್ಕೇನೋ ಸುಲಭ. ಟೆನೆಸ್ಸಿಯಂಥ ರಾಜ್ಯದಲ್ಲಿ ಇಂಥ ದಾವೆಗೆ ಕಾಲಮಿತಿ ಬರೀ 1 ವರ್ಷ. ಕಾಗದಕ್ಕೆ ಅಲೆಯುವಷ್ಟರಲ್ಲಿ ಆ ಅವಧಿ ಮುಗಿದರೆ ಹೊಸ ದಾವೆಗೂ ದಾರಿ ಇಲ್ಲ.

ಅದೇ ದೇಶದ ಹಳೆಯ ಪ್ರಕರಣವೊಂದುಂಟು. ಫ್ಲೋರಿಡಾದ ಕೈದಿ ಕ್ಲಾರೆನ್ಸ್ ಗಿಡಿಯನ್ ಬರೆದ ಮೊದಲ ಅರ್ಜಿಯಲ್ಲಿ ಬಡತನದ ಅಫಿಡವಿಟ್ ಇರಲಿಲ್ಲ. ಸುಪ್ರೀಂ ಕೋರ್ಟಿನ ಕಚೇರಿ ಅದನ್ನು ವಾಪಸ್ ಕಳಿಸಿತು. ಆದರೆ ಬರೀ ವಾಪಸ್ ಕಳಿಸಲಿಲ್ಲ, ನಿಯಮದ ಪ್ರತಿಯನ್ನೂ ಅಫಿಡವಿಟ್ಟಿನ ಮಾದರಿಯನ್ನೂ ಜತೆಗಿಟ್ಟಿತು. ಆತ ಪೆನ್ಸಿಲಿನಲ್ಲೇ ಬರೆದು 1962ರಲ್ಲಿ ಮತ್ತೆ ಕಳಿಸಿದ. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರಕಾರವೇ ವಕೀಲರನ್ನು ಕೊಡಬೇಕೆಂಬ 1963ರ ತೀರ್ಪು ಬಂದದ್ದು ಆ ಅರ್ಜಿಯಿಂದ.

ನಮ್ಮಲ್ಲೂ ಇದಕ್ಕೆ ಹೊಂದುವ ಮಾತುಂಟು. ಕಾಸರಗೋಡಿನವರಿಗೆ ದೂರವೇನಲ್ಲದ ತಲಶ್ಶೇರಿಯಲ್ಲಿ ವಕೀಲರಾಗಿದ್ದ ವಿ.ಆರ್. ಕೃಷ್ಣ ಅಯ್ಯರ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಮೇಲೆ, 1980ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ತಿಹಾರ್ ಜೈಲಿನ ಕೈದಿಯ ಪತ್ರವನ್ನೇ ಅರ್ಜಿ ಎಂದು ಪರಿಗಣಿಸಿದ ತೀರ್ಪು ಬರೆದರು. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವಿನ ಹಕ್ಕುಂಟು. ಕೈದಿ ಬಡವನೆಂದು ಚೀಟಿ ತರಬೇಕಿಲ್ಲ.

ಅಮೆರಿಕದ ಕೋರ್ಟುಗಳು ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ಲೆಕ್ಕಪಟ್ಟಿಯನ್ನು ಕೈದಿಯಿಂದ ಕೇಳುವ ಬದಲು ಜೈಲಿನಿಂದಲೇ ನೇರ ತರಿಸಿಕೊಂಡರೆ ಸಾಕು. ದೂರಿನಲ್ಲಿ ಹುರುಳಿಲ್ಲದಿದ್ದರೆ ಓದಿ ವಜಾ ಮಾಡಲಿ. ಓದದೆಯೇ ವಜಾ ಮಾಡುವುದು ಬೇಡ.