ಮೆಚ್ಚುಗೆಗೂ ತಕರಾರು ಬೇಕು

ಪುಸ್ತಕ ಬಿಡುಗಡೆ ಸಮಾರಂಭಗಳಿಗೆ ಹೋಗಿಬರುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ವೇದಿಕೆಯ ಮೇಲೆ ಕೆಟ್ಟ ಪುಸ್ತಕ ಎಂಬುದೇ ಇಲ್ಲ. ಬಿಡುಗಡೆ ಮಾಡಿದವರು ಹೊಗಳುತ್ತಾರೆ, ಕೃತಿ ಪರಿಚಯಿಸುವವರು ಇನ್ನಷ್ಟು ಹೊಗಳುತ್ತಾರೆ, ಅಧ್ಯಕ್ಷರು ‘ಪೂರ್ತಿ ಓದಲಾಗಲಿಲ್ಲ’ ಎನ್ನುತ್ತಲೇ ಎಲ್ಲರನ್ನೂ ಮೀರಿಸುತ್ತಾರೆ. ಇದರಲ್ಲಿ ಕೆಡುಕೇನಿಲ್ಲ, ಮದುವೆಮನೆಯಲ್ಲಿ ವರನ ಸಾಲದ ಲೆಕ್ಕ ಯಾರೂ ತೆಗೆಯುವುದಿಲ್ಲ. ಆದರೆ ದುಡ್ಡು ಕೊಟ್ಟು ಕೊಂಡು ಓದುವವನಿಗೆ ಆ ಮುಲಾಜು ಯಾಕೆ? ನಾನು ತುಂಬ ಮೆಚ್ಚಿದ ಪುಸ್ತಕಗಳ ಬಗ್ಗೆಯೂ ನನಗೆ ತಕರಾರುಗಳಿವೆ. ಅವನ್ನು ಹೇಳಿಯೇ ಮೆಚ್ಚಬೇಕು ಎಂಬುದು ನನ್ನ ವಾದ.

ಭೈರಪ್ಪನವರ ‘ಪರ್ವ’ ಬಂದದ್ದು 1979ರಲ್ಲಿ. ಅದನ್ನು ಓದದೆ ಹೊಗಳುವವರೂ ಇದ್ದಾರೆ, ಓದದೆ ತೆಗಳುವವರೂ ಇದ್ದಾರೆ. ಲೇಖಕರ ನಿಲುವು ತಿಳಿದರೆ ಸಾಕು, ಅಭಿಪ್ರಾಯ ಸಿದ್ಧ. ಆದರೆ ಪುಸ್ತಕ ತೆರೆದರೆ ಎದುರಾಗುವವನು ಮದ್ರ ದೇಶದ ಮುದುಕ ಶಲ್ಯ. ಅವನಿಗೆ ಮೊಮ್ಮಗಳ ಮದುವೆಯ ಚಿಂತೆ. ವರ, ಶಾಪ, ಪವಾಡಗಳನ್ನೆಲ್ಲ ಬದಿಗಿಟ್ಟು ಅಷ್ಟು ದೊಡ್ಡ ಯುದ್ಧದ ಕತೆಯನ್ನು ಮನೆವಾರ್ತೆಯಿಂದ ಶುರು ಮಾಡುವ ಧೈರ್ಯ ಸಣ್ಣದಲ್ಲ. ಕುಂತಿ, ದ್ರೌಪದಿಯರು ತಮ್ಮ ಬದುಕನ್ನು ತಾವೇ ನೆನೆಯುವ ಭಾಗಗಳನ್ನು ನಾನು ಮತ್ತೆ ಮತ್ತೆ ಓದಬಲ್ಲೆ. ನನ್ನ ತಕರಾರು ದನಿಯದ್ದು. ಗಂಡಸರೆಲ್ಲ ಇಲ್ಲಿ ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಯೋಚಿಸುತ್ತಾರೆ. ಭೀಮನ ಒಂದು ಪುಟವನ್ನು ಅರ್ಜುನನ ಪುಟಗಳ ನಡುವೆ ಸೇರಿಸಿಟ್ಟರೆ ಬೇಗ ಗೊತ್ತಾಗಲಿಕ್ಕಿಲ್ಲ. ನಿಯೋಗದ ಚರ್ಚೆಯಂತೂ ಮರಳಿ ಮರಳಿ ಬಂದು ದಣಿಸುತ್ತದೆ.

ದನಿಯ ವಿಷಯಕ್ಕೆ ಬಂದರೆ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ಸಾಟಿಯಿಲ್ಲ. 1984ರಲ್ಲಿ ಪ್ರಕಟವಾದ ತೆಳ್ಳಗಿನ ಪುಸ್ತಕ. ಊರು ಮಲಗಿದ ಮೇಲೆ ದೀಪದ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಗಳ ಸುದ್ದಿ ಹೇಳಿಕೊಳ್ಳುವ ಭಾಗ ಕನ್ನಡ ಬಿಟ್ಟು ಬೇರೆಲ್ಲೂ ಹುಟ್ಟಲಾರದು. ನಂಜನಗೂಡು ಸೀಮೆಯ ಆ ಮಾತು ಕರಾವಳಿಯವರಿಗೋ ಧಾರವಾಡದವರಿಗೋ ಕಣ್ಣಿಗೆ ತೊಡಕು. ಗಟ್ಟಿಯಾಗಿ ಓದಿದರೆ ಕಿವಿಗೆ ಅಷ್ಟು ತೊಡಕಿಲ್ಲ. ಹಾಗೆಂದು ಎಲ್ಲ ಕಷ್ಟವನ್ನೂ ಆಡುಮಾತಿನ ತಲೆಗೆ ಕಟ್ಟಬಾರದು. ಯಾರು ಯಾರಿಗೆ ಏನಾಗಬೇಕು ಎಂದು ತಿಳಿಯಲು ಹತ್ತು ಸಲ ಹಿಂದಿನ ಪುಟಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಲೇಖಕರು ನಮ್ಮ ಕೈ ಸ್ವಲ್ಪ ಹಿಡಿದಿದ್ದರೆ ಪುಸ್ತಕದ ತೂಕವೇನೂ ಇಳಿಯುತ್ತಿರಲಿಲ್ಲ.

‘ಮಲೆಗಳಲ್ಲಿ ಮದುಮಗಳು’ (1967) ಬಗ್ಗೆ ನನ್ನ ತಕರಾರು ಕುವೆಂಪು ಅವರ ಮೇಲಲ್ಲ, ಅದನ್ನು ಶಿಫಾರಸು ಮಾಡುವವರ ಮೇಲೆ. ಕನ್ನಡ ಕಾದಂಬರಿಯನ್ನೇ ಓದಿರದ ಹುಡುಗನ ಕೈಗೆ ಮೊದಲಿಗೇ ಇದನ್ನು ಕೊಡುತ್ತಾರೆ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಮೇಗರವಳ್ಳಿ ಎಂದು ಊರುಗಳು, ಊರಿಗೊಂದಿಷ್ಟು ಮನೆತನಗಳು, ಮನೆತನಕ್ಕೊಂದಿಷ್ಟು ಒಕ್ಕಲು. ಅವನು ದಾರಿ ತಪ್ಪುತ್ತಾನೆ, ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಒಂದು ಹಾಳೆಯ ಮೇಲೆ ಊರು, ಮನೆ, ನಂಟಸ್ತನ ಬರೆದುಕೊಂಡು ಓದಬೇಕು, ಅವಸರ ಮಾಡಬಾರದು. ಅಷ್ಟು ಮಾಡಿದವರಿಗೆ ಸಿಗುವುದು ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯ. ತುಂಬಿದ ತುಂಗೆಯಲ್ಲಿ ಆ ನಾಯಿಯ ಕೊನೆಯನ್ನು ಕುವೆಂಪು ಬರೆದಿರುವ ಘನತೆಯಲ್ಲಿ, ನಮ್ಮ ಎಷ್ಟೋ ಕಾದಂಬರಿಗಳು ತಮ್ಮ ನಾಯಕರನ್ನೂ ಬೀಳ್ಕೊಟ್ಟಿಲ್ಲ.

ಆ ಹುಡುಗನಿಗೆ ಮೊದಲು ಕೊಡಬೇಕಾದದ್ದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದರೂ ಮಾತಿಗೆ ಕೂತಾಗ ಯಾರೂ ಅದನ್ನು ಸಾಹಿತ್ಯದ ಪಟ್ಟಿಗೆ ಸೇರಿಸುವುದಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕುತ್ತ ಕಾಡು ಅಲೆಯುವ ಕತೆ, ಚಿತ್ರಗಳೂ ಅವರವೇ. ಸಸ್ಯಶಾಸ್ತ್ರವನ್ನು ನಗುತ್ತ ಕಲಿಸುವ ಇಂಥ ಇನ್ನೊಂದು ಪುಸ್ತಕ ನನಗೆ ಸಿಕ್ಕಿಲ್ಲ. ಲ್ಯಾಟಿನ್ ಹೆಸರುಗಳು ಸಾಲುಗಟ್ಟಿದಾಗ ನಾನು ಧಾರಾಳವಾಗಿ ಸಾಲು ಹಾರಿಸುತ್ತೇನೆ, ನೀವೂ ಹಾರಿಸಿ.

ಇತ್ತೀಚಿನವುಗಳಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಗ್ಗೆ ಜಗಳವಾಡಲು ನನಗೆ ಇಷ್ಟ. ‘ಕೊನೆಗೆ ಏನಾಯಿತು ಅಂತ ಹೇಳುವುದೇ ಇಲ್ಲವಲ್ಲ’ ಎಂದು ಗೊಣಗುವವರಿದ್ದಾರೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡು ಮನೆಗೆ ಬಂದಾಗಿನಿಂದ ಎಲ್ಲರೂ ಏನೇನನ್ನು ನೋಡಿಯೂ ನೋಡದಂತಿದ್ದರು ಎಂಬುದನ್ನು ಗಮನಿಸಿದವರಿಗೆ ಕೊನೆ ಸಾಕಷ್ಟು ಸ್ಪಷ್ಟವಿದೆ. ನನಗೆ ಸಾಲದೆನಿಸುವುದು ಅನಿತಾ. ಆ ಮನೆಯಲ್ಲಿ ನೇರವಾಗಿ ಪ್ರಶ್ನೆ ಕೇಳುವ ಸೊಸೆಯನ್ನು ನಾವು ಕಾಣುವುದು ಕೈಲಾಗದ ಗಂಡನ ಮಾತಿನ ಮೂಲಕ ಮಾತ್ರ. ಅದು ಲೇಖಕರ ಉದ್ದೇಶವೇ ಇರಬಹುದು. ಆದರೂ ಅವಳದೇ ದನಿಯಲ್ಲಿ ಒಂದು ಅಧ್ಯಾಯ ಇದ್ದಿದ್ದರೆ ಎಂಬ ಆಸೆ ಹೋಗುವುದಿಲ್ಲ.

ಇವೆಲ್ಲ ವಿಮರ್ಶೆಯಲ್ಲ. ವಿಮರ್ಶಕರಿಗೆ ಅವರದೇ ಹತಾರಗಳಿವೆ. ಸಾಮಾನ್ಯ ಓದುಗ ಮಾಡಬಹುದಾದದ್ದು ಇಷ್ಟೇ: ಯಾವ ಪುಟದಲ್ಲಿ ಖುಷಿಯಾಯಿತು, ಯಾವ ಪುಟದಲ್ಲಿ ಆಕಳಿಕೆ ಬಂತು ಎಂದು ಬಾಯಿಬಿಟ್ಟು ಹೇಳುವುದು. ‘ಚೆನ್ನಾಗಿದೆ’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ‘ಇಲ್ಲಿ ಸರಿಹೋಗಲಿಲ್ಲ’ ಎಂದರೆ ಎದುರಿನವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಬರೆಯುವವರಿಗೂ ಇದರಿಂದ ನಷ್ಟವಿಲ್ಲ. ಹೊಗಳುವುದಕ್ಕೆ ಬೆನ್ನುಡಿ ಓದಿಕೊಂಡರೂ ಸಾಕು, ತಕರಾರು ತೆಗೆಯಬೇಕಾದರೆ ಪುಸ್ತಕವನ್ನೇ ಓದಬೇಕು.