ಟಿಡಿಎಸ್ ಮೀಟರಿಗೆ ಕಾಣದ್ದು

ಕುಡಿಯುವ ನೀರಿನ ಮಾತು ಬಂದರೆ ಬೆಂಗಳೂರಿನ ಮನೆಗಳಲ್ಲಿ ಈಗ ಮೊದಲು ಕೇಳಿಬರುವ ಪ್ರಶ್ನೆ ‘ನಿಮ್ಮಲ್ಲಿ ಟಿಡಿಎಸ್ ಎಷ್ಟು?’ ಎನ್ನುವುದು. ಟಿಡಿಎಸ್ ಎಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತು, ಮಿಲಿಗ್ರಾಂ ಲೆಕ್ಕದಲ್ಲಿ. ಆರುನೂರು ಎಂದರೆ ‘ಅಯ್ಯೋ’, ಮೂವತ್ತು ಎಂದರೆ ‘ಬಹಳ ಶುದ್ಧ’. ಪ್ರತಿ ಮನೆಗೂ ಆರ್‌ಒ (ರಿವರ್ಸ್ ಆಸ್ಮಾಸಿಸ್) ಯಂತ್ರ ಬೇಕೇ ಬೇಕು ಎನ್ನುವವರ ವಾದವೆಲ್ಲ ಈ ಒಂದು ಅಂಕಿಯ ಮೇಲೆ ನಿಂತಿದೆ. ಹಾಗೆನ್ನುವವರಲ್ಲಿ ಮನೆಮಂದಿಯ ಆರೋಗ್ಯದ ಬಗ್ಗೆ ನಿಜವಾದ ಕಾಳಜಿ ಇರುವವರೇ ಹೆಚ್ಚು. ಅದಕ್ಕಾಗಿಯೇ ಅವರ ಮಾತುಗಳಿಗೆ ಒಂದೊಂದಾಗಿ ಉತ್ತರ ಕೊಡುವುದು ಅಗತ್ಯ ಎನಿಸಿದೆ.

ಅಂಕಿ ಇಳಿದಷ್ಟೂ ನೀರು ಶುದ್ಧ ಎಂಬುದು ಅವರ ಮೊದಲ ಮಾತು. ಪೆನ್ನಿನಷ್ಟು ಉದ್ದದ ಆ ಮೀಟರ್ ಕೊಳೆಯನ್ನು ಅಳೆಯುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನಷ್ಟೇ ನೋಡಿ, ಅದನ್ನು ಒಂದು ಗುಣಕದಿಂದ ಗುಣಿಸಿ, ಇಷ್ಟು ಮಿಲಿಗ್ರಾಂ ಲವಣ ಕರಗಿರಬಹುದು ಎಂದು ಅಂದಾಜು ಹೇಳುತ್ತದೆ. ಲೋಟದ ನೀರಿಗೆ ಒಂದು ಚಮಚ ಸಕ್ಕರೆ ಕದಡಿ ನೋಡಿ, ಅಂಕಿ ಮೇಲೇರುವುದಿಲ್ಲ. ಚಿಟಿಕೆ ಉಪ್ಪು ಹಾಕಿದರೆ ಏಕ್‌ದಂ ಜಿಗಿಯುತ್ತದೆ. ಎಳನೀರಿನಲ್ಲಿ ಅದ್ದಿದರೆ ಪೊಟ್ಯಾಸಿಯಂನಿಂದಾಗಿ ಸಾವಿರಗಳ ಲೆಕ್ಕದಲ್ಲಿ ತೋರಿಸುತ್ತದೆ. ಕಾಯಿಲೆ ಬಿದ್ದವರಿಗೆ ನಾವು ಕುಡಿಸುವುದು ಅದನ್ನೇ.

ನಿಜಕ್ಕೂ ಹೆದರಬೇಕಾದ ವಸ್ತುಗಳು ಈ ಮೀಟರಿಗೆ ಕಾಣುವುದೇ ಇಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಸೀಸಕ್ಕಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಸೀಸ ಆ ಮಿತಿಯ ಹತ್ತು ಪಟ್ಟು ಇದ್ದರೂ ಮೀಟರಿನಲ್ಲಿ ಒಂದಂಕಿಯೂ ಕದಲದು. ಚರಂಡಿ ನೀರು ಸಂಪಿಗೆ ಸೇರಿ ಬಂದ ರೋಗಾಣುಗಳನ್ನಂತೂ ಅದು ಎಣಿಸುವುದೇ ಇಲ್ಲ. ಅಂಕಿ ಐವತ್ತು ಇದ್ದೂ ನೀರು ಭೇದಿ ಹಿಡಿಸಬಹುದು, ನಾನೂರು ಇದ್ದೂ ನಿರಪಾಯಕಾರಿ ಆಗಿರಬಹುದು. ಅದೇ ಮಾನಕ ಟಿಡಿಎಸ್ 500ರವರೆಗೆ ಇದ್ದರೆ ಸರಿ ಎನ್ನುತ್ತದೆ. ಬೇರೆ ಮೂಲವಿಲ್ಲದ ಕಡೆ 2000ದವರೆಗೂ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಟಿಡಿಎಸ್‌ಗೆ ಆರೋಗ್ಯದ ಆಧಾರದ ಮೇಲೆ ಮಿತಿಯನ್ನೇ ಹಾಕಿಲ್ಲ. ಅದು ರುಚಿಯ ದೃಷ್ಟಿಯಿಂದ ಹೇಳುವ ಮಾತು: ಸುಮಾರು 600ರ ಒಳಗಿದ್ದರೆ ನೀರು ರುಚಿ, ಸಾವಿರ ದಾಟಿದರೆ ಬಾಯಿಗೆ ಹಿತವಲ್ಲ.

ಎರಡನೆಯದು ವಾದಕ್ಕಿಂತ ಹೆಚ್ಚಾಗಿ ಒಂದು ಪ್ರದರ್ಶನ. ಮಾರಾಟಕ್ಕೆ ಬಂದವರು ಎರಡು ಲೋಟಗಳಲ್ಲಿ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಡುತ್ತಾರೆ. ನಲ್ಲಿ ನೀರು ಹಸಿರು, ಕಂದು ಬಣ್ಣಕ್ಕೆ ತಿರುಗಿ ಗಷ್ಟು ಏಳುತ್ತದೆ. ಆರ್‌ಒ ನೀರು ಹಾಗೇ ತಿಳಿಯಾಗಿ ಉಳಿಯುತ್ತದೆ. ‘ನೋಡಿ, ನೀವು ಕುಡಿಯುತ್ತಿರುವ ವಿಷ’ ಎಂಬ ಮಾತು ಕೇಳಿ ಮನೆಯವರು ಅಂದೇ ಮುಂಗಡ ಕೊಡುತ್ತಾರೆ. ಆ ಗಷ್ಟು ಬಂದದ್ದು ನೀರಿನಿಂದಲ್ಲ, ಕಡ್ಡಿಯಿಂದ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದಾಗ ಕಬ್ಬಿಣದ ಕಡ್ಡಿ ಸವೆದು ಕಬ್ಬಿಣದ ಹೈಡ್ರಾಕ್ಸೈಡ್ ಆಗಿ ತೇಲುತ್ತದೆ. ಆರ್‌ಒ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯದ್ದರಿಂದ ಕಡ್ಡಿ ಹೆಚ್ಚು ಸವೆಯುವುದಿಲ್ಲ, ಅಷ್ಟೇ. ಆ ‘ಶುದ್ಧ’ ಲೋಟಕ್ಕೆ ನಿಮ್ಮ ಅಡುಗೆಮನೆಯ ಉಪ್ಪನ್ನೇ ಸ್ವಲ್ಪ ಹಾಕಿ ಮತ್ತೊಮ್ಮೆ ಮಾಡಿ ತೋರಿಸಿ ಎಂದು ಕೇಳಿ. ಅದೂ ಕಂದಾಗುತ್ತದೆ. ಎಂಟನೇ ತರಗತಿಯ ಮಕ್ಕಳಿಗೆ ಗೊತ್ತಿರುವ ವಿದ್ಯುದ್ವಿಭಜನೆಯನ್ನು ಭಯ ಹುಟ್ಟಿಸಲು ಬಳಸುವುದು ಶುದ್ಧ ಮೋಸ.

ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ಕಿಡ್ನಿಯಲ್ಲಿ ಕಟ್ಟದೆ ಇರುತ್ತದೆಯೇ ಎಂದು ಕೇಳುವವರಿದ್ದಾರೆ. ಗಡಸು ನೀರಿನ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದಾಗ ಒಡೆದು ಕಾರ್ಬೊನೇಟ್ ಆಗಿ ಪಾತ್ರೆಗೆ ಅಂಟುತ್ತದೆ. ದೇಹದೊಳಗೆ ಯಾರೂ ನೀರು ಕುದಿಸುವುದಿಲ್ಲ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. 1993ರಲ್ಲಿ ಅಮೆರಿಕದಲ್ಲಿ 45 ಸಾವಿರಕ್ಕೂ ಹೆಚ್ಚು ಗಂಡಸರನ್ನು ಅಧ್ಯಯನ ಮಾಡಿದ ಹಾರ್ವರ್ಡಿನ ತಂಡಕ್ಕೆ, ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚು ತಿಂದವರಲ್ಲಿ ಕಲ್ಲು ಕಡಿಮೆ ಎಂದು ಕಂಡುಬಂತು. ಕರುಳಿನಲ್ಲೇ ಕ್ಯಾಲ್ಸಿಯಂ ಆಕ್ಸಲೇಟನ್ನು ಹಿಡಿದಿಡುವುದು ಇದಕ್ಕೆ ಕಾರಣವಿರಬೇಕು ಎಂಬ ವಿವರಣೆಯಿದೆ. ಕಲ್ಲಿನ ಚಿಂತೆ ಇರುವವರು ಮೊದಲು ಮಾಡಬೇಕಾದದ್ದು ಸಾಕಷ್ಟು ನೀರು ಕುಡಿಯುವುದು.

ಖನಿಜಗಳು ಊಟದಿಂದಲೇ ಬರುತ್ತವಲ್ಲ, ನೀರಿನಲ್ಲಿ ಇಲ್ಲದಿದ್ದರೇನು ಎನ್ನುತ್ತಾರೆ. ಬಹುಮಟ್ಟಿಗೆ ನಿಜ, ಇದರ ಮೇಲೆ ನಾನು ಜಗಳಕ್ಕೆ ನಿಲ್ಲುವುದಿಲ್ಲ.

ಆದರೆ ಪೋಲಾಗುವ ನೀರಿನ ವಿಷಯದಲ್ಲಿ ಬಿಟ್ಟುಕೊಡಲಾರೆ. ‘ಆ ನೀರಲ್ಲಿ ನೆಲ ಒರೆಸುತ್ತೇವೆ’ ಎಂಬುದು ಸಿದ್ಧ ಉತ್ತರ. ಕೆಲವರು ಒರೆಸುತ್ತಾರೆ, ಸಂತೋಷ. ಮನೆಯಲ್ಲಿ ಬಳಸುವ ಆರ್‌ಒ ಸಾಮಾನ್ಯವಾಗಿ ಒಂದು ಲೀಟರ್ ಕೊಡಲು ಸುಮಾರು ಮೂರು ಲೀಟರ್ ಹೊರಗೆ ಬಿಡುತ್ತದೆ. ದಿನಕ್ಕೆ ಹನ್ನೆರಡು ಲೀಟರ್ ಹಿಡಿಯುವ ಮನೆಯಿಂದ ಮೂವತ್ತಾರು ಲೀಟರ್ ಹೊರಬೀಳುತ್ತದೆ. ನೆಲಕ್ಕೆ ಒಂದು ಬಕೆಟ್ ಸಾಕು, ಮಿಕ್ಕದ್ದು ಮೋರಿಗೆ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ ಇಲ್ಲಿಗೆ ಏರಿಸುತ್ತಾರೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಿದ ಊರು ಇದು. ಶುದ್ಧೀಕರಿಸಿ, ಕ್ಲೋರಿನ್ ಹಾಕಿ ಕಳಿಸಿದ ಆ ನೀರಿನ ಮುಕ್ಕಾಲು ಪಾಲನ್ನು ಹೀಗೆ ಸುರಿಯುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಹಾಗಾದರೆ ಹಳ್ಳಿಗಳಲ್ಲಿ ಸರ್ಕಾರವೇ ಆರ್‌ಒ ಬಳಸುವ ಶುದ್ಧ ನೀರಿನ ಘಟಕ ಹಾಕಿದ್ದೇಕೆ ಎಂಬುದು ಅವರ ಗಟ್ಟಿಯಾದ ಪ್ರಶ್ನೆ. ಪಾವಗಡ, ಬಾಗೇಪಲ್ಲಿಯ ಕಡೆ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಪ್ರಮಾಣ ಇನ್ನೂ ಹೆಚ್ಚಿದರೆ ದೊಡ್ಡವರ ಬೆನ್ನು, ಕೀಲು ಬಿಗಿಯುತ್ತವೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ. ಅಲ್ಲಿ ಆರ್‌ಒ ಬೇಕೇ ಬೇಕು. ಆದರೆ ಆ ಅಗತ್ಯವನ್ನು ತೋರಿಸಿಕೊಟ್ಟದ್ದು ಫ್ಲೋರೈಡ್ ಪರೀಕ್ಷೆ, ಟಿಡಿಎಸ್ ಮೀಟರ್ ಅಲ್ಲ. ಆರುನೂರರ ನಡುವೆ ಅಡಗಿರುವ ಮೂರು ಮಿಲಿಗ್ರಾಂ ಅದಕ್ಕೆ ಗೊತ್ತಾಗುವುದಿಲ್ಲ. ಇದೇ ಕಾರಣಕ್ಕೆ, 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದನ್ನೂ ನಾನು ಪೂರ್ತಿ ಒಪ್ಪಲಾರೆ. ಪೋಲು ತಡೆಯುವ ಉದ್ದೇಶ ಒಳ್ಳೆಯದು, ಹಿಡಿದ ಅಳತೆಗೋಲು ಅದೇ ಕುರುಡು ಅಂಕಿ.

ಪರೀಕ್ಷೆಗೆ ಅಲೆಯುವುದಕ್ಕಿಂತ ಯಂತ್ರ ಕೊಳ್ಳುವುದೇ ಸುಲಭ ಎನ್ನುವವರಿಗೆ ಕೊನೆಯ ಮಾತು. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಕೊಟ್ಟು ಫ್ಲೋರೈಡ್, ನೈಟ್ರೇಟ್, ಗಡಸುತನ, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇಷ್ಟನ್ನು ನೋಡಿಸಿ. ಕೋಲಿಫಾರ್ಮ್ ಮಾತ್ರ ಸಿಕ್ಕರೆ ಸಂಪು, ಟ್ಯಾಂಕ್ ತೊಳೆಸಿ. ಕುಡಿಯುವ ನೀರನ್ನು ಕುದಿಸಿ, ಇಲ್ಲವೇ ಯುವಿ (ನೇರಳಾತೀತ ಕಿರಣದ) ಫಿಲ್ಟರ್ ಹಾಕಿಸಿ. ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ ದಾಟಿದ್ದರೆ, ಅಥವಾ ನೈಟ್ರೇಟ್ 45 ಮಿಲಿಗ್ರಾಂ ದಾಟಿದ್ದರೆ ಆರ್‌ಒ ಹಾಕಿಸಿ; ಅದರಲ್ಲೂ ಹಸುಗೂಸು ಇರುವ ಮನೆಯಾದರೆ ತಡ ಮಾಡಬೇಡಿ. ಟ್ಯಾಂಕರ್ ನೀರು ಕುಡಿಯುವವರು ಮೂಲ ಬದಲಾದಾಗಲೆಲ್ಲ ಮತ್ತೆ ಪರೀಕ್ಷೆ ಮಾಡಿಸಬೇಕು.