ಏಳು ವರ್ಷ ದಾಟಿದ ಬೈಕಿನ ಬ್ರೇಕು

ಬೈಕಿನ ಬ್ರೇಕ್ ದೋಷಗಳಲ್ಲಿ ಎರಡು ಬಗೆ. ಸರಿಯಾಗಿ ಬಿಗಿಯದ ಕ್ಯಾಲಿಪರ್ ಬೋಲ್ಟಿನಂಥವು ಕಾರ್ಖಾನೆಯಿಂದಲೇ ಬಂದಿರುತ್ತವೆ, ಬೇಗ ಬಯಲಾಗುತ್ತವೆ. ಇನ್ನು ಕೆಲವು ವರ್ಷಗಟ್ಟಲೆ ಒಳಗೊಳಗೇ ಬೆಳೆದು, ಬೈಕ್ ಎರಡು ಮೂರು ಕೈ ದಾಟಿದ ಮೇಲೆ ತಲೆ ಎತ್ತುತ್ತವೆ. ತಯಾರಕರೇ ವಾಹನ ಕರೆಸಿ ಉಚಿತವಾಗಿ ಸರಿಪಡಿಸುವ ರೀಕಾಲ್ ವ್ಯವಸ್ಥೆ ಎಡವುವುದು ಈ ಎರಡನೆಯ ಬಗೆಯಲ್ಲಿ.

2013ರಲ್ಲಿ ಸುಜುಕಿ ತನ್ನ ಜಿಎಸ್‌ಎಕ್ಸ್-ಆರ್ ಬೈಕುಗಳ ಮುಂಬ್ರೇಕಿಗಾಗಿ ರೀಕಾಲ್ ಹೊರಡಿಸಿತು. 2004ರಿಂದ 2013ರವರೆಗಿನ ಮಾದರಿಗಳು ಅದರಲ್ಲಿದ್ದವು. ಅಮೆರಿಕದಲ್ಲೇ ಎರಡು ಲಕ್ಷಕ್ಕೂ ಹೆಚ್ಚು. ವರ್ಕ್‌ಶಾಪಿನಲ್ಲಿ ಬ್ರೇಕ್ ಆಯಿಲ್ ಎಂದೇ ಕರೆಯುವ ದ್ರವ (ಅದು ಎಣ್ಣೆಯಲ್ಲ, ಆದರೆ ಹೆಸರು ನಿಂತುಬಿಟ್ಟಿದೆ) ಗಾಳಿಯ ತೇವವನ್ನು ಹೀರುತ್ತದೆ. ಲಿವರ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್, ಹಳೆಯ ದ್ರವದಲ್ಲಿ ರಾಸಾಯನಿಕವಾಗಿ ಸವೆದು ಅನಿಲ ಹುಟ್ಟುತ್ತಿತ್ತು. ಗುಳ್ಳೆ ಮೇಲಕ್ಕೇರುವುದು ಸಹಜ; ಆದರೆ ಹೊರಹೋಗುವ ರಂಧ್ರವಿದ್ದದ್ದು ಪಕ್ಕದಲ್ಲಿ. ಹೀಗಾಗಿ ಅನಿಲ ಒಳಗೇ ಉಳಿಯುತ್ತಿತ್ತು. ದ್ರವ ಕುಗ್ಗುವುದಿಲ್ಲ, ಅನಿಲ ಕುಗ್ಗುತ್ತದೆ. ಲಿವರ್ ಹಿಡಿಕೆಗೆ ತಾಗಿದರೂ ಚಕ್ರ ನಿಲ್ಲುವುದಿಲ್ಲ.

ಮೆಕ್ಯಾನಿಕ್ ಇದನ್ನು ‘ಏರ್ ಹಿಡಿದಿದೆ’ ಎನ್ನುತ್ತಾನೆ. ಕ್ಯಾಲಿಪರಿನ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಗಿಳಿಸಿ, ಗುಳ್ಳೆ ನಿಲ್ಲುವವರೆಗೆ ಲಿವರ್ ಒತ್ತಿಸುತ್ತಾನೆ. ಲಿವರ್ ಮತ್ತೆ ಗಟ್ಟಿಯಾಗುತ್ತದೆ, ಗಿರಾಕಿ ಸಮಾಧಾನದಿಂದ ಹೋಗುತ್ತಾನೆ. ಆದರೆ ಅನಿಲ ಹುಟ್ಟುವ ಜಾಗ ಹಾಗೇ ಇರುವಾಗ ಇದು ತಾತ್ಕಾಲಿಕ ಶಮನ ಮಾತ್ರ. ರೀಕಾಲ್‌ನಲ್ಲಿ ಮಾಸ್ಟರ್ ಸಿಲಿಂಡರನ್ನೇ ಬದಲಿಸಬೇಕಾಯಿತು.

ಹಾಗಾದರೆ ಕಾಲಕಾಲಕ್ಕೆ ದ್ರವ ಬದಲಿಸದ ಮಾಲೀಕನದೂ ತಪ್ಪಲ್ಲವೇ? ಅಮೆರಿಕದ ಜಾರ್ಜಿಯಾ ರಾಜ್ಯದ ಮೊಕದ್ದಮೆಯೊಂದರಲ್ಲಿ ಈ ಪ್ರಶ್ನೆ ನೇರವಾಗಿ ಎದ್ದಿತು. ರೀಕಾಲ್ ಸೂಚನೆ ಬರುವ ಮೊದಲೇ, 2013ರ ಆಗಸ್ಟ್‌ನಲ್ಲಿ ಬ್ರೇಕ್ ಹಿಡಿಯದೆ ಬಿದ್ದ ಸವಾರ ಎಂಟು ವರ್ಷ ದ್ರವ ಬದಲಿಸಿರಲಿಲ್ಲ. ಕೈಪಿಡಿ ಎರಡು ವರ್ಷಕ್ಕೊಮ್ಮೆ ಎನ್ನುತ್ತಿತ್ತು. ಜ್ಯೂರಿ ಶೇ 49ರಷ್ಟು ಹೊಣೆಯನ್ನು ಅವನ ಮೇಲೆ, ಉಳಿದದ್ದನ್ನು ಸುಜುಕಿಯ ಮೇಲೆ ಹೊರಿಸಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಅದನ್ನು ಎತ್ತಿಹಿಡಿಯಿತು. ಪರಿಹಾರದ ಹಣ ಹಂಚಲು ಈ ಲೆಕ್ಕ ಒಪ್ಪತಕ್ಕದ್ದೇ. ರೀಕಾಲ್ ವಿಚಾರದಲ್ಲಿ ಮಾತ್ರ ಅದು ನಿಲ್ಲುವುದಿಲ್ಲ: ಸೀಟಿನಡಿಯ ಕೈಪಿಡಿಯನ್ನು ಹೆಚ್ಚಿನವರು ತೆರೆದೂ ನೋಡುವುದಿಲ್ಲವೆಂಬುದು ತಯಾರಕರಿಗೆ ಗೊತ್ತಿರುವ ಸಂಗತಿಯೇ, ಬ್ರೇಕು ಅಂಥವರನ್ನೂ ನಿಲ್ಲಿಸಬೇಕು. ಹಾರ್ಲೆ-ಡೇವಿಡ್ಸನ್ 2018ರಲ್ಲಿ 2008ರಿಂದ 2011ರ ಎಬಿಎಸ್ ಬೈಕುಗಳನ್ನು ಕರೆಸಿದ್ದೂ ಹಳೆಯ ದ್ರವದಿಂದಲೇ. ಅದರ ಗಷ್ಟು ಎಬಿಎಸ್ ಘಟಕದ ಕವಾಟಗಳಿಗೆ ಅಂಟುತ್ತಿತ್ತು.

ಭಾರತದಲ್ಲಿ 2012ರಿಂದ ರೀಕಾಲ್ ಉದ್ಯಮದ ಸ್ವಯಂಪ್ರೇರಿತ ಸಂಹಿತೆಯಾಗಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಂ ರೀಕಾಲ್ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು, 2021ರ ಏಪ್ರಿಲ್ 1ರಿಂದ ನಿಯಮಗಳೂ ಜಾರಿಗೆ ಬಂದವು. ಆದರೆ ಕಡ್ಡಾಯ ರೀಕಾಲ್ ಏಳು ವರ್ಷದೊಳಗಿನ ವಾಹನಗಳಿಗಷ್ಟೇ. ಈ ಅಳತೆಯಲ್ಲಿ ಜಾರ್ಜಿಯಾದ ಬೈಕು ಹೊರಗುಳಿಯುತ್ತದೆ; ಹಾರ್ಲೆಗಳೂ ಬಹುಮಟ್ಟಿಗೆ ಹಾಗೇ. ಸ್ವಂತ ಬೈಕಿನ ಆರ್‌ಸಿಗೆ ಮಾತ್ರ 15 ವರ್ಷದ ಆಯುಸ್ಸಿದೆ. ರಸ್ತೆಯಲ್ಲಿ ಓಡಲು ಯೋಗ್ಯವೆಂದ ವಾಹನಕ್ಕೆ ಅಷ್ಟೂ ಕಾಲ ದುರಸ್ತಿಯ ಹಕ್ಕಿರಬೇಕು. ಅಮೆರಿಕದಲ್ಲಿ ಉಚಿತ ದುರಸ್ತಿಯ ಅವಧಿ 15 ವರ್ಷವೇ ಇದೆ.

ಗಡುವು ಹಿಗ್ಗಿದರೂ ಹಳೆಯ ಬೈಕಿನ ಒಡೆಯನನ್ನು ಹುಡುಕುವುದು ಕಷ್ಟ. ಕಂಪನಿಯ ಬಳಿ ಇರುವುದು ಮೊದಲು ಕೊಂಡವನ ಫೋನ್ ನಂಬರು. ಎಷ್ಟೋ ಬೈಕುಗಳು ಆರ್‌ಸಿ ವರ್ಗವಾಗದೆಯೇ ಕೈ ಬದಲಿಸಿರುತ್ತವೆ. ಸೆಕೆಂಡ್ ಹ್ಯಾಂಡ್ ಕೊಂಡವನು ಶೋರೂಮಿಗೆ ಹೋಗುವುದಿಲ್ಲ, ಬೀದಿ ಕೊನೆಯ ಗ್ಯಾರೇಜಿಗೆ ಹೋಗುತ್ತಾನೆ. ಕಂಪನಿಯ ಜಾಲತಾಣದಲ್ಲಿ ಚಾಸಿ ನಂಬರ್ ಹಾಕಿ ನೋಡುವವನು ಅಪರೂಪ. ಆದರೆ ಎಮಿಷನ್ ಟೆಸ್ಟಿಗೆ ಅವನೂ ಹೋಗಲೇಬೇಕು, ಅಲ್ಲಿನ ಪ್ರಮಾಣಪತ್ರ ಸರ್ಕಾರದ ವಾಹನ ನೋಂದಣಿಯ ‘ವಾಹನ್’ ದತ್ತಾಂಶದೊಂದಿಗೆ ಈಗಾಗಲೇ ಜೋಡಣೆಯಾಗಿದೆ. ಬಾಕಿ ಉಳಿದ ರೀಕಾಲ್ ಇದ್ದರೆ ಅದೇ ಚೀಟಿಯ ಕೆಳಗೆ ಒಂದು ಸಾಲು ಅಚ್ಚಾಗುವಂತೆ ಮಾಡುವುದಕ್ಕೆ ಹೊಸ ಕಚೇರಿಯೇನೂ ಬೇಕಿಲ್ಲ.